ಎರಡು ನಿಮಿಷ

"ಮೊದಲು ಬೀಳುವುದನ್ನು ಕಲಿಯೋಣ. ಕೂರುವುದು, ಹುಟ್ಟು ಹಾಕುವುದು ಆಮೇಲೆ," ಎಂದು ಸಂಗಮನಾಥ ಮರಾಠಿಯಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ಪ್ರಿಯಂವದಾ ನಗಲಿಲ್ಲ.

ನಾಸಿಕದ ಹತ್ತಿರದ ಘೋಟಿಯಿಂದ ಒಳರಸ್ತೆಯಲ್ಲಿ ಅರ್ಧ ಗಂಟೆ ಬಂದರೆ ಸಿಗುವ, ಅಣೆಕಟ್ಟೊಂದರ ಹಿನ್ನೀರಿನ ದಂಡೆ ಅದು. ಜನವರಿಯ ಬೆಳಗು. ನೀರು ಇಳಿದ ಜಾಗದಲ್ಲಿ ಕೆಸರು ಒಣಗಿ ಬಿರಿದಿತ್ತು. ಅದರ ಮೇಲೆ ಕಿತ್ತಳೆ ಬಣ್ಣದ ಉದ್ದನೆಯ ಕಯಾಕ್‌ಗಳನ್ನು ಸಾಲಾಗಿ ಮಲಗಿಸಿದ್ದರು. ಕಲಿಯಲು ಬಂದವರು ಐದು ಜನ. ಸಟಾಣಾದಲ್ಲಿ ದಾಳಿಂಬೆ ತೋಟವಿದ್ದ ಜಯಕರ ಮತ್ತು ಅವನ ಹೆಂಡತಿ ರುಚಿತಾ, ನಾಸಿಕದ ಇಬ್ಬರು ಕಾಲೇಜು ಹುಡುಗಿಯರು, ಮತ್ತು ಸಂಭಾಜಿನಗರದಿಂದ ಒಬ್ಬಳೇ ಬಂದಿದ್ದ ಪ್ರಿಯಂವದಾ. ಯಾರೂ ಇದುವರೆಗೆ ದೋಣಿಯಲ್ಲಿ ಕಾಲಿಟ್ಟವರಲ್ಲ. ಎರಡು ಭಾನುವಾರ ಇಲ್ಲಿ ಕಲಿಸಿ, ಮೂರನೆಯ ಭಾನುವಾರ ಸಮುದ್ರಕ್ಕೆ ಕರೆದೊಯ್ಯುವುದು ಸಂಗಮನಾಥನ ಪದ್ಧತಿ.

"ದೋಣಿ ಮಗುಚಿದರೆ ಹೆದರಬೇಡಿ. ಲೈಫ್ ಜಾಕೆಟ್ ನಿಮ್ಮನ್ನು ಮೇಲೆ ತರುತ್ತದೆ. ದೋಣಿಯನ್ನು ಮಾತ್ರ ಬಿಡಬೇಡಿ. ನಾನು ಬರುತ್ತೇನೆ."

"ಎಷ್ಟು ಹೊತ್ತಿನಲ್ಲಿ ಬರುತ್ತೀರಿ?" ಪ್ರಿಯಂವದಾ ಕೇಳಿದಳು.

"ಬೇಗ ಬರುತ್ತೇನೆ ತಾಯಿ."

"ಬೇಗ ಅಂದರೆ? ನಲವತ್ತು ಮೀಟರ್ ದೂರದಲ್ಲಿದ್ದರೆ?"

ಸಂಗಮನಾಥ ಅವಳನ್ನು ಒಂದು ಗಳಿಗೆ ನೋಡಿದ. ಮೂವತ್ತು ದಾಟಿದ, ಬಿಸಿಲಿಗೆ ಸುಟ್ಟ ಮುಖದ ಆಳು. "ನಲವತ್ತು ಮೀಟರ್ ದೂರ ಹೋಗಲು ನಾನು ಬಿಡುವುದಿಲ್ಲ," ಎಂದು ಹೇಳಿ ಎಲ್ಲರ ಜಾಕೆಟ್ ಪರೀಕ್ಷಿಸತೊಡಗಿದ. ಒಬ್ಬೊಬ್ಬರ ಹೆಗಲ ಮೇಲಿನ ಪಟ್ಟಿಯನ್ನು ಮೂರು ಸಲ ಜಗ್ಗಿ ನೋಡುತ್ತಿದ್ದ. ಅವಳ ಸರದಿ ಬಂದಾಗಲೂ ಮೂರು ಸಲ ಜಗ್ಗಿದ. ಬಕಲ್‌ಗಳು ಹೊಸವು, ಇನ್ನೂ ಹೊಳಪು ಹೋಗಿರಲಿಲ್ಲ.

ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಅವ್ವ ಈರಮ್ಮ.

"ಎಲ್ಲಿದ್ದೀ?"

"ಟ್ರೇನಿಂಗ್‌ನ್ಯಾಗ ಇದ್ದೀನವ್ವ."

"ಐತ್ವಾರ ದಿನ ಎಂಥಾ ಟ್ರೇನಿಂಗ್?"

"ಬ್ಯಾಂಕಿನೋರು ಇಟ್ಟಾರ, ಏನ್ ಮಾಡ್ಲಿ? ಸಂಜೀಕ ಬರ್ತೀನಿ. ಗುಳಗಿ ತಗೋ."

ಫೋನು ಇಟ್ಟು ತಿರುಗಿದರೆ ಸಂಗಮನಾಥನ ಮುಖ ಅರಳಿತ್ತು. "ನೀವ್ ಕನ್ನಡದೋರೇನ್ರಿ ಅಕ್ಕಾರ? ಮೊದ್ಲೇ ಹೇಳ್ಬಾರ್ದಾ? ನಮ್ದು ಭಾಲ್ಕಿ ಕಡಿಗಿರಿ. ಈ ಊರಾಗ ಕನ್ನಡ ಮಾತು ಕಿವಿಗಿ ಬಿದ್ದು ಎಷ್ಟ್ ದಿನ ಆಗಿತ್ತು. ನಿಮ್ದು ಯಾವೂರ್ರಿ?"

"ಕಲಬುರಗಿ," ಎಂದಳು. ಅಷ್ಟೇ ಹೇಳಿ ಜಾಕೆಟ್‌ನ ಪಟ್ಟಿಯನ್ನು ಬಿಗಿ ಮಾಡಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದಳು.

ಅವನ ಊರು ಅವಳಿಗೆ ಗೊತ್ತಿತ್ತು. ಅವನ ತಂದೆಯ ಹೆಸರು, ವಯಸ್ಸು, ಸಹಿಯ ಕೊನೆಯಲ್ಲಿ ಅವನು ಎಳೆಯುವ ಗೆರೆ ಎಲ್ಲವೂ ಗೊತ್ತಿತ್ತು. ಹದಿನಾಲ್ಕು ತಿಂಗಳ ಹಿಂದೆ ಕೊಂಕಣದ ಒಂದು ಠಾಣೆಯಲ್ಲಿ ಅವನು ಬರೆದುಕೊಟ್ಟ ಹೇಳಿಕೆಯ ಪ್ರತಿ ಅವಳ ಬೀರುವಿನಲ್ಲಿತ್ತು. ಅವಳ ತಮ್ಮ ವಿಶಾಲ ಗೆಳೆಯರ ಜೊತೆ ಸಮುದ್ರ ನೋಡಲು ಹೋಗಿ, ಹೊಸಬರಿಗೂ ಕಯಾಕ್ ಕಲಿಸುತ್ತೇವೆ ಎಂಬ ಬೋರ್ಡು ನೋಡಿ ಹತ್ತಿದ್ದ. ಹೊಳೆ ಸಮುದ್ರ ಸೇರುವ ಖಾಡಿಯ ಬಾಯಲ್ಲಿ ಗಾಳಿ ಎದ್ದು ಎರಡು ದೋಣಿಗಳು ಮಗುಚಿದವು. ಒಂದರಲ್ಲಿದ್ದ ಹೆಂಗಸು ಚೀರುತ್ತಿದ್ದಳೆಂದು ಗೆಳೆಯರು ಹೇಳಿದ್ದರು; ಅವಳು ಉಳಿದಳು. ವಿಶಾಲ ಮರುದಿನ ಸಿಕ್ಕ. ಅವನಿಗೆ ಇಪ್ಪತ್ತೇಳು ವರ್ಷ.

ಹೇಳಿಕೆಯಲ್ಲಿ ಎರಡು ಮಾತುಗಳಿದ್ದವು. ಸೆಕೆಯಾಗುತ್ತದೆಂದು ಮೃತನು ತಾನೇ ಜಾಕೆಟ್ ಬಿಚ್ಚಿದ, ನಾನು ಬೇಡವೆಂದರೂ ಕೇಳಲಿಲ್ಲ. ಮತ್ತು, ನಲವತ್ತು ಮೀಟರ್ ದೂರವಿದ್ದ ಅವನ ದೋಣಿಯನ್ನು ನಾನು ಎರಡು ನಿಮಿಷದಲ್ಲಿ ತಲುಪಿದೆ, ಅಷ್ಟರಲ್ಲಿ ಅವನು ಕಾಣಲಿಲ್ಲ. ಸೋದರಮಾವ ನಿಂಗಣ್ಣ ಠಾಣೆಗೆ ಹೋಗಿ ಆ ಕಾಗದವನ್ನೂ ಹೆಣವನ್ನೂ ತಂದಿದ್ದರು. ಅವತ್ತು ಪ್ರಿಯಂವದಾ ಪ್ರಜ್ಞೆ ತಪ್ಪಿದ್ದ ಅವ್ವನ ಜೊತೆ ಆಸ್ಪತ್ರೆಯಲ್ಲಿದ್ದಳು. ಹಾಗಾಗಿ ಸಂಗಮನಾಥ ಅವಳನ್ನು ನೋಡಿದವನಲ್ಲ.

ಅವ್ವ ಆ ಹೇಳಿಕೆಯನ್ನು ನಂಬಿದ್ದಳು. ನಂಬಿ, ಸತ್ತ ಮಗನ ಮೇಲೆ ಸಿಟ್ಟಾಗಿದ್ದಳು. "ಇಪ್ಪತ್ತೇಳು ವರ್ಷ ಸಾಕಿದ್ದು, ಸೆಕಿಗಿ ಅಂಗಿ ಬಿಚ್ಚಿದಂಗ ಬಿಚ್ಚಿ ಒಗದ," ಎನ್ನುತ್ತಿದ್ದಳು. ವರ್ಷದ ಕಾರ್ಯದ ದಿನ ಕೋಣೆಯ ಬಾಗಿಲು ಹಾಕಿಕೊಂಡು ಕೂತವಳು ಜಂಗಮರು ಊಟ ಮಾಡಿ ಎದ್ದರೂ ಹೊರಗೆ ಬರಲಿಲ್ಲ. ಪ್ರಿಯಂವದಾಗೆ ಮಾತ್ರ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ. ವಿಶಾಲ ಅಂಜುಬುರುಕ. ಓಣಿಯ ತುದಿಯಿಂದ ಹಾಲು ತರಲು ಸ್ಕೂಟರ್ ತೆಗೆದರೂ ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಂಡು ಹೋಗುವವನು.

ಸಂಗಮನಾಥ ಕೆಲಸಕ್ಕಿದ್ದ ಆ ಕಯಾಕ್ ಕಂಪನಿ ಬಾಗಿಲು ಹಾಕಿತು. ಎರಡು ತಿಂಗಳ ನಂತರ ಅವನು ನಾಸಿಕದ ಕಡೆ ಹೊಸಬರಿಗೆ ಕಲಿಸುತ್ತಾನೆಂಬ ಜಾಹೀರಾತು ಅವಳ ಫೋನಿನಲ್ಲಿ ಬಂತು. ಅವತ್ತೇ ಅವಳು ಪಾಲಿಕೆಯ ಈಜುಕೊಳದ ಹೆಂಗಸರ ಬ್ಯಾಚಿಗೆ ಹೆಸರು ಬರೆಸಿದಳು. ಮೂವತ್ತಾರನೆಯ ವಯಸ್ಸಿನಲ್ಲಿ, ಆರು ವರ್ಷದ ಹುಡುಗಿಯರ ನಡುವೆ ಗೋಡೆ ಹಿಡಿದು ಕಾಲು ಬಡಿದಳು. ಹನ್ನೊಂದು ತಿಂಗಳಲ್ಲಿ ಕೊಳದ ಉದ್ದಕ್ಕೂ ಎಂಟು ಸಲ ಈಜುವುದು ಬಂತು. ಆಮೇಲೆ ಒಂದು ವಾಟರ್‌ಪ್ರೂಫ್ ಗಡಿಯಾರ ಕೊಂಡು, ಭಾನುವಾರದ ಬ್ಯಾಚಿಗೆ ಮನೆತನದ ಹೆಸರು ಬಿಟ್ಟು ಬರೀ 'ಪ್ರಿಯಂವದಾ' ಎಂದು ಹೆಸರು ಕೊಟ್ಟಳು.

ಒಂಬತ್ತಕ್ಕೆ ನೀರಿಗಿಳಿದರು. ಹುಡುಗಿಯರಿಬ್ಬರೂ ಜೋಡಿ ದೋಣಿಯಲ್ಲಿ, ಉಳಿದವರು ಒಂಟಿ ದೋಣಿಗಳಲ್ಲಿ. ಕೂತ ಮೇಲೆ ದೋಣಿ ಸೊಂಟದ ಅಳತೆಗೆ ಹೊಲಿಸಿದ ಲಂಗದ ಹಾಗೆ ಮೈಗೆ ಅಂಟಿಕೊಂಡಿತು. ಸ್ವಲ್ಪ ಅಲುಗಿದರೂ ಅದೂ ಅಲುಗುತ್ತಿತ್ತು. ಸಂಗಮನಾಥ ಎಲ್ಲರ ಸುತ್ತ ಸುಳಿದಾಡುತ್ತ ಕಲಿಸುತ್ತಿದ್ದ. ಅವಳ ಹತ್ತಿರ ಬಂದಾಗ ಮಾತ್ರ ಕನ್ನಡಕ್ಕೆ ಹೊರಳುತ್ತಿದ್ದ.

"ಬರೇ ತೋಳಲೆ ಎಳೀಬ್ಯಾಡ್ರಿ ಅಕ್ಕಾರ. ಸೊಂಟ ತಿರುವ್ರಿ. ಹಾಂ, ಭಾಳ ಛಲೋ! ನೋಡ್ರಿ, ನೀವ ಎಲ್ಲಾರ್ಕಿಂತ ಮುಂದ ಹೊಂಟೀರಿ."

"ದೋಣಿ ಎಷ್ಟು ಉದ್ದ ಅದ?" ಅವಳು ಕೇಳಿದಳು.

"ಹದಿನಾರು ಅಡಿರಿ."

ನಲವತ್ತು ಮೀಟರ್ ಅಂದರೆ ಎಂಟು ದೋಣಿಗಳ ಉದ್ದ ಎಂದು ಅವಳು ಮನಸ್ಸಿನಲ್ಲೇ ಅಳೆದಳು. ಅವನ ಹೊಗಳಿಕೆ ಅವಳ ಬೆನ್ನಿನ ಮೇಲೆ ಹುಳ ಹರಿದಂತೆ ಹರಿಯಿತು. ಇದೇ ಬಾಯಿಯಿಂದ ವಿಶಾಲನಿಗೂ 'ಭಾಳ ಛಲೋ' ಎಂದಿರಬೇಕು. ವಿಶಾಲ ತನ್ನ ಅರೆಬರೆ ಕನ್ನಡದಲ್ಲಿ, ಅರ್ಧ ಮರಾಠಿ ಸೇರಿಸಿ, ಉತ್ತರ ಕೊಟ್ಟಿರಬೇಕು.

ಹತ್ತರ ಹೊತ್ತಿಗೆ ಗುಡ್ಡದ ಸಂದಿಯಿಂದ ಗಾಳಿ ಬರಲು ಶುರುವಾಯಿತು. ನೀರಿನ ಮೇಲ್ಮೈ ಮೀನಿನ ಪರೆಯಂತಾಯಿತು. "ಎಲ್ಲರೂ ನನ್ನ ಹತ್ತಿರ ಬನ್ನಿ!" ಎಂದು ಸಂಗಮನಾಥ ಕೂಗಿದ. ಹುಡುಗಿಯರ ದೋಣಿ ಗಾಳಿಗೆ ಅಡ್ಡ ತಿರುಗಿತ್ತು; ಅವನು ಅದರ ಮೂತಿ ಹಿಡಿದು ನೇರ ಮಾಡುತ್ತಿದ್ದ. ಜಯಕರ ಅವನ ಪಕ್ಕದಲ್ಲಿದ್ದ. ರುಚಿತಾ ನಡುವೆ ಎಲ್ಲೋ ಹುಟ್ಟು ಹಾಕುತ್ತ ಬರುತ್ತಿದ್ದಳು. ಪ್ರಿಯಂವದಾ ಕೂಗು ಕೇಳಿಸದವಳಂತೆ ಇನ್ನೂ ನಾಲ್ಕು ಹುಟ್ಟು ಆಚೆಗೆ ಹಾಕಿದಳು. ಹಿಂದಿರುಗಿ ನೋಡಿದಳು. ಎಂಟು ದೋಣಿಯುದ್ದ, ಸ್ವಲ್ಪ ಹೆಚ್ಚೇ. ಗಡಿಯಾರದ ಗುಂಡಿ ಒತ್ತಿ, ಎಡಕ್ಕೆ ವಾಲಿದಳು.

ನೀರು ತಣ್ಣಗೆ ತಲೆಗೆ ಬಡಿಯಿತು. ದೋಣಿಯಿಂದ ಕಾಲು ಎಳೆದುಕೊಳ್ಳುವುದು ಅಂದುಕೊಂಡಿದ್ದಕ್ಕಿಂತ ಸುಲಭವಾಯಿತು. ಜಾಕೆಟ್ ಅವಳನ್ನು ಮೇಲಕ್ಕೆ ಎಸೆಯಿತು. ಮೇಲೆ ಬಂದವಳೇ ಬಕಲ್ ಒತ್ತಿದಳು. ಒಂದು ಬಿಚ್ಚಿತು, ಎರಡನೆಯದೂ ಬಿಚ್ಚಿತು, ಮೂರನೆಯದು ಹೆಬ್ಬೆರಳಿಗೆ ಸಿಗಲಿಲ್ಲ. ಕಡೆಗೆ ಜಾಕೆಟನ್ನು ತಲೆಯ ಮೇಲಿಂದ ಕಿತ್ತು ಬಿಟ್ಟಳು. ಗಾಳಿ ಅದನ್ನು ಎತ್ತಿಕೊಂಡು ಹೋಯಿತು. ದೋಣಿಯನ್ನೂ ತಳ್ಳಿಕೊಂಡು ಹೋಯಿತು. ಕೈಚಾಚಿದರೆ ಸಿಗುವಷ್ಟು ದೂರದಲ್ಲಿದ್ದದ್ದು ಕಣ್ಣೆದುರೇ ದೂರವಾಯಿತು.

ಕೊಳದ ನೀರು ಹೀಗಿರಲಿಲ್ಲ. ಇಲ್ಲಿ ಬಟ್ಟೆ ಕಾಲಿಗೆ ಸುತ್ತಿಕೊಂಡು ಕೆಳಕ್ಕೆ ಎಳೆಯುತ್ತಿತ್ತು, ಸಣ್ಣ ಅಲೆಗಳು ಸರಿಯಾಗಿ ಉಸಿರು ಎಳೆಯುವ ಹೊತ್ತಿಗೇ ಬಾಯಿಗೆ ಬಡಿಯುತ್ತಿದ್ದವು. ಎಂಟು ಸಲ ಉದ್ದ ಈಜುತ್ತಿದ್ದ ಕೈಗಳು ನಾಲ್ಕೇ ಬಡಿತಕ್ಕೆ ಸೋತವು. ಕೂಗಬೇಕೆಂದುಕೊಂಡಳು. ಬಾಯಿ ತೆರೆದರೆ ನೀರು. ಉಸಿರಾಡಲಿಕ್ಕೇ ಉಸಿರು ಸಾಲದು, ಕೂಗಲಿಕ್ಕೆ ಎಲ್ಲಿಂದ. ಅವಳು ಸುಮ್ಮನೆ ಗಲ್ಲ ಮೇಲೆತ್ತಿಕೊಂಡು ಕೈ ಆಡಿಸುತ್ತಿದ್ದಳು.

ಅಷ್ಟರಲ್ಲಿ ಒಂದು ಚೀರಾಟ ಕೇಳಿಸಿತು. ತನ್ನದಲ್ಲ. ಮಗುಚಿದ ದೋಣಿಯನ್ನು ನೋಡಲು ಮೈ ತಿರುಗಿಸಿದ್ದ ರುಚಿತಾ ತಾನೂ ಮಗುಚಿದ್ದಳು. "ಆಯೀ ಗ! ವಾಚವಾ!" ಎಂದು ದೋಣಿ ತಬ್ಬಿಕೊಂಡು ಕೂಗುತ್ತಿದ್ದಳು. ಅವಳ ಗಂಡನೂ ಕೂಗುತ್ತಿದ್ದ. ಸಂಗಮನಾಥ ರುಚಿತಾಳನ್ನು ನೋಡಿದ. ಅವಳು ಅವನಿಂದ ಹತ್ತು ಹನ್ನೆರಡು ಮೀಟರ್ ದೂರ ಇದ್ದಾಳು. ಆಮೇಲೆ ಇತ್ತ ನೋಡಿದ.

ಅವನ ದೋಣಿ ರುಚಿತಾಳ ಪಕ್ಕದಲ್ಲೇ, ಅವಳು ಚಾಚಿದ ಕೈಯನ್ನು ದಾಟಿಕೊಂಡು, ನೇರ ಪ್ರಿಯಂವದಾಳ ಕಡೆ ಬಂತು.

"ಮೂತಿ ಹಿಡೀರಿ! ಎರಡೂ ಕೈಲೆ ಹಿಡೀರಿ ಅಕ್ಕಾರ! ಕಾಲ್ ಮ್ಯಾಲ ಸುತ್ತರಿ!"

ಹಿಡಿದಳು. ಪ್ಲಾಸ್ಟಿಕ್ಕಿನ ಮೂತಿಯ ಮೇಲೆ ಕೆನ್ನೆಯಿಟ್ಟು ಕೆಮ್ಮಿದಳು. ಕೆಮ್ಮು ನಿಂತ ಮೇಲೆ ಗಡಿಯಾರದ ಗುಂಡಿ ಒತ್ತಿ ನೋಡಿದಳು.

"ಒಂದ್ ನಿಮಿಷ ಇಪ್ಪತ್ತ್ ಸೆಕೆಂಡು," ಎಂದಳು.

"ಏನ್ರಿ?"

"ಎರಡ್ ನಿಮಿಷ ಅಂತ ಬರದೀರಿ ನೀವು."

ಸಂಗಮನಾಥನ ಹುಟ್ಟು ಗಾಳಿಯಲ್ಲೇ ನಿಂತಿತು. ಅವಳ ಬರಿದಾದ ಹೆಗಲನ್ನು, ದೂರ ತೇಲಿ ಹೋಗುತ್ತಿದ್ದ ಜಾಕೆಟನ್ನು ನೋಡಿದ. "ಜಾಕೆಟ್ ಯಾಕ್ ತೆಗದ್ರಿ?"

"ನನ್ನ ತಮ್ಮ ವಿಶಾಲ ತೆಗದಿದ್ದ ಅಂತ ಬರದೀರಲ್ಲ. ತೆಗೀಲಾಕ ಎಷ್ಟ್ ಹೊತ್ತ ಹಿಡೀತದ ಅಂತ ನೋಡ್ದೆ."

"ಬಿಡಬ್ಯಾಡ್ರಿ," ಎಂದಷ್ಟೇ ಹೇಳಿ, ಅವಳನ್ನು ಮೂತಿಗೆ ಜೋತು ಹಾಕಿಕೊಂಡೇ ರುಚಿತಾಳ ಕಡೆ ದೋಣಿ ತಿರುಗಿಸಿದ. ಆ ಭಾರಕ್ಕೆ ದೋಣಿ ತೆವಳಿತು. ಅಲ್ಲಿಗೆ ಮುಟ್ಟುವ ಹೊತ್ತಿಗೆ, ದೋಣಿ ಕೈಜಾರಿ ಅಲೆಯ ನೀರು ಕುಡಿದಿದ್ದ ರುಚಿತಾಳ ಚೀರಾಟ ನಿಂತು, ತುಟಿ ನೀಲಿಯಾಗಿ, ಕಣ್ಣು ಮೇಲೆ ಸಿಕ್ಕಿಕೊಂಡಿದ್ದವು.

ದಂಡೆಯ ಮೇಲೆ ರುಚಿತಾ ಬೋರಲಾಗಿ ಬಹಳ ಹೊತ್ತು ನೀರು ಕಕ್ಕಿದಳು. ಹುಡುಗಿಯರು ಅವಳ ಮೇಲೆ ತಮ್ಮ ಶಾಲು ಹೊದಿಸಿ ಅಂಗಾಲು ತಿಕ್ಕಿದರು. ಜಯಕರ ಸಂಗಮನಾಥನ ಎದೆಗೆ ಕೈಯಿಟ್ಟು ತಳ್ಳಿದ. "ಕೈ ಚಾಚಿದ್ದಳು ಅವಳು, ನಿನಗೆ ಕಾಣಲಿಲ್ಲವೇ? ಬಿಟ್ಟು ಹೋದೆಯಲ್ಲ! ಬರೆದುಕೊಡು ನೀನು. ನಿನ್ನ ಅಲಕ್ಷ್ಯದಿಂದ ಆಯಿತು ಅಂತ ಬರೆದುಕೊಡು. ಇಲ್ಲದಿದ್ದರೆ ಠಾಣೆಗೆ ಹೋಗುತ್ತೇನೆ."

"ಬರೆದುಕೊಡುತ್ತೇನೆ ದಾದಾ. ಮೊದಲು ಅವರನ್ನು ಬೆಚ್ಚಗೆ ಮಾಡಿ," ಎಂದ ಸಂಗಮನಾಥ. ಪ್ರಿಯಂವದಾಳ ಕಡೆ ತಿರುಗಿಯೂ ನೋಡಲಿಲ್ಲ.

ಜಯಕರ ಹೆಂಡತಿಯನ್ನು ಕಾರಿಗೆ ಒಯ್ದು ಕೂರಿಸಿದ. ಪ್ರಿಯಂವದಾ ಒದ್ದೆ ಬಟ್ಟೆಯಲ್ಲೇ, ಜಾಕೆಟ್‌ಗಳನ್ನು ತೂಗುಹಾಕಿದ್ದ ತಗಡಿನ ಶೆಡ್ಡಿಗೆ ಹೋದಳು. ಅವನು ಅಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಅವತ್ತು ಚೀರೋಕಿ ಕಡಿಗಿ ಮೊದ್ಲು ಹೋದ್ರಿ," ಎಂದಳು.

"ಹೋದೆ."

"ಇವತ್ತ್ಯಾಕ ಹೋಗ್ಲಿಲ್ಲ?"

"ಮುಳುಗೋರು ಚೀರಂಗಿಲ್ರಿ ಅಕ್ಕಾರ. ಚೀರೋರಿಗಿ ಇನ್ನಾ ಉಸಿರಿರ್ತದ." ಅವನು ಮತ್ತೆ ಸ್ಟೂಲಿನ ಮೇಲೆ ಕೂತ. "ಅವತ್ತು ಅದು ನನಗ ಗೊತ್ತಿರ್ಲಿಲ್ಲ."

"ಗೊತ್ತಿಲ್ದಾಂವ ಮಂದಿನ್ನ ಸಮುದ್ರಕ್ಕ ಯಾಕ ಕರಕೊಂಡ್ ಹೋದಿ?"

ಅವಳು 'ನೀವು' ಬಿಟ್ಟಿದ್ದು ಇಬ್ಬರಿಗೂ ಗೊತ್ತಾಯಿತು. ಅವನು ತಲೆ ತಗ್ಗಿಸಿದ. "ನನಗ ಮೂರ್ ದಿನ ಕಲಿಸಿ ನೀರಿಗಿ ಬಿಟ್ಟಿದ್ರು. ನಾ ಬ್ಯಾಡ ಅನ್ಬೇಕಿತ್ತು."

"ಜಾಕೆಟ್?"

ಅವನು ತೂಗುಬಿಟ್ಟ ಜಾಕೆಟ್‌ಗಳ ಕಡೆ ನೋಡಿದ.

"ಅಂವ ತೆಗದಿಲ್ಲ. ನನ್ನ ತಮ್ಮನ್ನ ನಾ ಎತ್ತಿ ಆಡಿಸೀನಿ, ನನಗ ಗೊತ್ತದ. ಏನಾಯ್ತು ಹೇಳು."

"ಬಕಲ್ ಮುರದಿತ್ತು," ಎಂದ ಸಂಗಮನಾಥ. ನೆಲ ನೋಡುತ್ತಲೇ ಹೇಳಿದ. "ಅವರು ಕೇಳಿದ್ರು. 'ದಾದಾ, ಇದು ಹತ್ತವಲ್ದು, ಬ್ಯಾರೆ ಕೊಡ್ರಿ' ಅಂದ್ರು. ಬ್ಯಾರೆ ಇರ್ಲಿಲ್ಲ. ನಾ ನೈಲಾನ್ ದಾರಲೆ ಕಟ್ಟಿದೆ. ಏನಾಗಂಗಿಲ್ಲ ಅಂದೆ. ನೀರಾಗ ಗಂಟು ಜಾರ್ಯಾದ. ಠಾಣ್ಯಾಗ ಮಾಲಕ ಹಿಂಗ ಬರಿ ಅಂದ. ಬರದೆ."

ಹೊರಗೆ ಹುಡುಗಿಯರಲ್ಲಿ ಯಾರೋ ಅಳುತ್ತಿದ್ದುದು ಕೇಳಿಸುತ್ತಿತ್ತು. ಪ್ರಿಯಂವದಾಗೆ ಅವನ ಮುಖಕ್ಕೆ ಉಗುಳಬೇಕೆನಿಸಿತು. ಹದಿನಾಲ್ಕು ತಿಂಗಳು ಈ ಗಳಿಗೆಗೆ ಎಷ್ಟೋ ಮಾತು ಕೂಡಿಟ್ಟಿದ್ದಳು. ಈಗ ಹಲ್ಲು ಕಟಕಟ ಬಡಿಯುತ್ತಿದ್ದವು. ಮೇಜಿನ ಮೇಲಿದ್ದ ಹೆಸರು ನೋಂದಣಿಯ ಹಾಳೆಯೊಂದನ್ನು ತಿರುವಿ, ಹಿಂದಿನ ಖಾಲಿ ಬದಿಯನ್ನು ಅವನ ಮುಂದೆ ಇಟ್ಟಳು.

"ಬರಿ. ಕನ್ನಡದಾಗ ಬರಿ. ನಮ್ಮವ್ವಗ ಮರಾಠಿ ಓದ್ಲಾಕ ಬರಂಗಿಲ್ಲ."

ಅವನು ಬರೆದ. ಕನ್ನಡ ಬರೆದು ವರ್ಷಗಳಾಗಿದ್ದವೇನೋ, ಅಕ್ಷರ ಶಾಲೆಯ ಹುಡುಗನದರ ಹಾಗೆ ದೊಡ್ಡದಾಗಿ, ಸೊಟ್ಟಗೆ ಬಂತು. ಅವಳು ಹೆಗಲ ಹಿಂದೆ ನಿಂತು ಓದಿದಳು. ಅವಳ ಕೂದಲಿನ ನೀರು ಹಾಳೆಯ ಅಂಚಿಗೆ ತೊಟ್ಟಿಕ್ಕುತ್ತಿತ್ತು.

"'ಜಾಕೆಟ್ಟಿಗೆ ದಾರ ಕಟ್ಟಿತ್ತು' ಅಂತ ಬ್ಯಾಡ. ತಂತಾನ ಕಟ್ಟಿಕೊಂಡಿತ್ತೇನು? 'ನಾನು ಕಟ್ಟಿದೆ' ಅಂತ ಬರಿ. 'ಬೇರೆ ಕೊಡಿ ಎಂದು ಅವನು ಕೇಳಿದ' ಅಂತ ಬರಿ."

ಅವನು ಹೊಡೆದು ಹಾಕಿ ತಿದ್ದಿದ. ಸಹಿ ಮಾಡಿ ಕೊನೆಯಲ್ಲಿ ಗೆರೆ ಎಳೆದ. "ಪೊಲೀಸರಿಗಿ ಕೊಡ್ತೀರೇನ್ರಿ?" ಎಂದು ಕೇಳಿದ.

"ಕೊಡ್ತೀನಿ. ನಮ್ಮವ್ವ ಓದಿದ ಮ್ಯಾಲ."

ಅವನು ತಲೆಯಾಡಿಸಿದ. ಅದರಲ್ಲಿ ಬೇಡಿಕೆಯೇನೂ ಇರಲಿಲ್ಲ.

ಜಯಕರ ಒಂದು ನೋಟ್‌ಬುಕ್ಕು ಹಿಡಿದು ಶೆಡ್ಡಿನ ಬಾಗಿಲಿಗೆ ಬಂದ. ಹಿಂದೆ ಶಾಲು ಹೊದ್ದ ರುಚಿತಾ, ಅವಳ ಹಿಂದೆ ಹುಡುಗಿಯರು. ಜಯಕರ ಆಗಲೇ ಮರಾಠಿಯಲ್ಲಿ ನಾಲ್ಕು ಸಾಲು ಬರೆದು ತಂದಿದ್ದ. ಮಾರ್ಗದರ್ಶಕನ ಅಲಕ್ಷ್ಯದಿಂದ ಎರಡು ದೋಣಿ ಮಗುಚಿದವು; ಅವನು ಕೊಟ್ಟ ಜಾಕೆಟ್ ಸರಿಯಿಲ್ಲದೆ ಕಳಚಿಹೋಯಿತು. "ಹಾಕು ಸಹಿ," ಎಂದ. ಸಂಗಮನಾಥ ಓದಿದ. ಪೆನ್ನು ಇನ್ನೂ ಅವನ ಕೈಯಲ್ಲೇ ಇತ್ತು. ಪ್ರಿಯಂವದಾಳ ಕಡೆ ನೋಡದೆ, ನೋಟ್‌ಬುಕ್ಕಿನ ಮೇಲೆ ಪೆನ್ನಿಟ್ಟ.

ಹಾಕಲಿ ಎಂದುಕೊಂಡಳು ಪ್ರಿಯಂವದಾ. ಮಾಡದ್ದನ್ನು ಮಾಡಿದನೆಂದು ಬರೆಸಿಕೊಂಡರೆ ಹೇಗಿರುತ್ತದೆ, ಗೊತ್ತಾಗಲಿ. ಅವಳ ಕೈಯಲ್ಲಿದ್ದ ಹಾಳೆ ಒದ್ದೆಯಾಗಿ ಮೆತ್ತಗಾಗುತ್ತಿತ್ತು. ಅವನು ಮೊದಲ ಅಕ್ಷರ ಬರೆದ.

"ಜಾಕೆಟ್ ಸರಿಯಾಗಿತ್ತು," ಎಂದಳು ಮರಾಠಿಯಲ್ಲಿ. ತನ್ನ ದನಿ ತನಗೇ ಬೇರೆಯವರದೆನಿಸಿತು. "ನಾನೇ ಬಿಚ್ಚಿದೆ. ದೋಣಿಯನ್ನೂ ನಾನೇ ಮಗುಚಿದೆ. ಬೇಕೆಂದೇ."

ಯಾರಿಗೂ ಕೂಡಲೇ ಅರ್ಥವಾಗಲಿಲ್ಲ. ಮೊದಲು ಅರ್ಥವಾದದ್ದು ರುಚಿತಾಳಿಗೆ. ಅವಳು ಮುಂದೆ ಬಂದು, ಶಾಲಿನೊಳಗಿಂದ ಕೈ ತೆಗೆದು, ಪ್ರಿಯಂವದಾಳ ಕೆನ್ನೆಗೆ ಹೊಡೆದಳು. ಪೆಟ್ಟು ಬಲವಾಗಿತ್ತು.

"ನನಗೆ ಎರಡು ಮಕ್ಕಳಿವೆ," ಎಂದಳು. "ಸಣ್ಣದು ಇನ್ನೂ ಹಾಲು ಕುಡಿಯುತ್ತದೆ. ನಿನ್ನ ಆಟಕ್ಕೆ ಬಂದಿದ್ದೆನೇ ನಾನು?"

ಪ್ರಿಯಂವದಾ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ತಮ್ಮನ ವಿಷಯ ಹೇಳಬಹುದಿತ್ತು. ಈ ಹೆಂಗಸಿನ ಮುಂದೆ ಅದನ್ನು ಹೇಳಲು ನಾಲಿಗೆ ಏಳಲಿಲ್ಲ. ಜಯಕರ ನೋಟ್‌ಬುಕ್ಕನ್ನು ಕಿತ್ತುಕೊಂಡು, ಇಬ್ಬರನ್ನೂ ಸೇರಿಸಿ ಬೈದು, ಹೆಂಡತಿಯನ್ನು ಹಿಡಿದು ಕರೆದೊಯ್ದ. ಕಾರು ಧೂಳೆಬ್ಬಿಸಿ ಹೋಯಿತು.

"ಅಕ್ಕಾರ..." ಎಂದ ಸಂಗಮನಾಥ.

"ಅಕ್ಕ ಅನ್ಬ್ಯಾಡ ನನಗ," ಎಂದಳು. "ನಿನ್ನ ಸಲುವಾಗಿ ಹೇಳಿಲ್ಲ."

ಬಟ್ಟೆ ಬದಲಿಸಿ, ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಅವಳು ಡಾಂಬರು ರಸ್ತೆಯವರೆಗೂ ನಡೆದಳು. ಘೋಟಿಯವರೆಗೆ ಒಂದು ಜೀಪು ಸಿಕ್ಕಿತು. ನಾಸಿಕದಲ್ಲಿ ಬಸ್ಸು ಬದಲಿಸಿ ಕಿಟಕಿಯ ಪಕ್ಕ ಕೂತಳು. ದಾರಿಯುದ್ದಕ್ಕೂ ಈರುಳ್ಳಿ ಹೊಲಗಳು, ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಗಾಡಿಗಳು. ಗೆದ್ದೆ ಎಂಬ ಭಾವ ಬರಬಹುದೆಂದು ಕಾದಳು. ನೀಲಿಯಾದ ಆ ತುಟಿಗಳೇ ಕಣ್ಣ ಮುಂದೆ ಬಂದವು.

ಸಂಜೆ ಮನೆ ತಲುಪಿದಾಗ ಅವ್ವ ಪಡಸಾಲೆಯಲ್ಲಿ ನೆಲದ ಮೇಲೆ ಕೂತು ಮೆಂತೆಸೊಪ್ಪು ಸೋಸುತ್ತಿದ್ದಳು. ಪ್ರಿಯಂವದಾ ಹಾಳೆಯನ್ನು ಅವಳ ಮುಂದೆ ಇಟ್ಟಳು. ಅವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮೂಗಿಗೆ ಚಾಳೀಸು ಏರಿಸಿ, ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದಿದಳು. ಮುಗಿಸಿ, ಮತ್ತೆ ಮೇಲಿನಿಂದ ಓದಿದಳು.

"ದಾರಾ ಕಟ್ಟಿದ್ನಾ?"

"ಹೂಂ ಅವ್ವ."

"ನಮ್ಮ ವಿಶ್ಯಾ ಬ್ಯಾರೆ ಕೇಳಿದ್ನಾ?"

"ಕೇಳಿದ್ನಂತ."

"ಬಿಚ್ಚಿಲ್ಲ ಅಂವ."

"ಬಿಚ್ಚಿಲ್ಲವ್ವ."

ಈರಮ್ಮ ಹಾಳೆಯನ್ನು ಮಡಿಚಲಿಲ್ಲ. ಸೊಪ್ಪಿನ ಮೊರದ ಪಕ್ಕದಲ್ಲಿ ಮೆಲ್ಲಗೆ ಇಟ್ಟಳು. ಮಗಳ ಮುಖ ನೋಡಿದಳು. "ಗಲ್ಲಕ್ಕ ಏನಾಗ್ಯಾದ?"

"ಏನಿಲ್ಲ."

"ಚಾ ಮಾಡ್ತೀನಿ," ಎಂದು ಅವ್ವ ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಲೈಟರ್ ನಾಲ್ಕೈದು ಸಲ ಟಕ್ ಎಂದಿತು, ಗ್ಯಾಸ್ ಹತ್ತಿತು. ಪಾತ್ರೆಯ ಸದ್ದು ಬರಲಿಲ್ಲ. ಸ್ವಲ್ಪ ಹೊತ್ತು ಕಾದು ಪ್ರಿಯಂವದಾ ಕೂತಲ್ಲಿಂದಲೇ ಬಗ್ಗಿ ನೋಡಿದಳು. ಅವ್ವ ಒಲೆಯ ಮುಂದೆ ಎರಡೂ ಕೈ ಇಳಿಬಿಟ್ಟು ನಿಂತಿದ್ದಳು. ಏನೂ ಇಡದ ಬರ್ನರಿನ ಮೇಲೆ ನೀಲಿ ಉರಿ ಗುಂಡಗೆ ಉರಿಯುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು. ಪ್ರಿಯಂವದಾ ಎದ್ದು ಹೋಗಿ ಆರಿಸಲಿಲ್ಲ.